ಕೀ ತಿರುಗಿಸಿದ ಮೇಲಿನ ಮೊದಲ ಅರ್ಧ ನಿಮಿಷ

"ಕಾರ್ ಆಮ್ಯಾಲ ನೋಡ್ತೀನ್ರಿ ಅಕ್ಕಾರ. ಮೊದಲ ನಿಮ್ಮನ್ನ ನೋಡಬೇಕು."

ಹೀಗೆ ಹೇಳಿದ್ದು ಡಾಕ್ಟರಲ್ಲ, ಜ್ಯೋತಿಷಿಯೂ ಅಲ್ಲ. ಕುರುಗೋಡು ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿರುವ ಖಾಜಾ ಮೇಸ್ತ್ರಿ. ಟ್ರ್ಯಾಕ್ಟರು, ಜೀಪು, ಕಾರು, ಎಂಜಿನ್ ಇರುವ ಯಾವುದನ್ನಾದರೂ ಬಿಚ್ಚಿ ಮತ್ತೆ ಜೋಡಿಸಬಲ್ಲ ಮನುಷ್ಯ. ಅವರ ಮುಂದೆ ನಿಂತು ನಾನು ಕಾರಿನ ಕಾಯಿಲೆ ಹೇಳಿಕೊಳ್ಳುತ್ತಿದ್ದೆ. ಅವರು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಾಲು ನೋಡಿದರು.

ಹೌದು, ಕಾಲು. ಬಲಗಾಲು.

ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಟಕಟಕ ಎನ್ನುತ್ತದೆ. ಹಿಂದಿನಿಂದ ಒಂದಿಷ್ಟು ನೀಲಿ ಹೊಗೆ ಬಿಡುತ್ತದೆ. ವರ್ಷದಿಂದ ಇದೇ ಕಥೆ. ಬಳ್ಳಾರಿಯ ಗ್ಯಾರೇಜೊಂದರಲ್ಲಿ ತೋರಿಸಿದರೆ "ಎಂಜಿನ್ ಇಳಿಸಬೇಕ್ರಿ ಮೇಡಂ" ಎಂದುಬಿಟ್ಟರು. ಆಪರೇಷನ್ ಅಂದ ಹಾಗೆ ಕೇಳಿಸಿತು. ಆಪರೇಷನ್ ಅಂದಮೇಲೆ ಇನ್ನೊಬ್ಬರ ಅಭಿಪ್ರಾಯ ಬೇಡವೇ?

ಇಷ್ಟಕ್ಕೂ ಎಂಜಿನ್ ಹಾಳು ಮಾಡಿದ್ದು ಯಾರು ಎಂದು ನನಗೆ ಗೊತ್ತಿತ್ತು. ನಿಮಗೂ ಗೊತ್ತು. ನಾನೇ ಹೇಳಿದ್ದೆ, ಇದೇ ಜಾಗದಲ್ಲಿ.

ಈ ಅಂಕಣವನ್ನು ಬಿಡದೆ ಓದುವವರಿಗೆ ನೆನಪಿರಬಹುದು. ಹೋದ ವರ್ಷ ಚಳಿಗಾಲದಲ್ಲಿ, ಕಾರು ಕೇಳಿ ಪಡೆದು ಹೋಗುವ ನೆಂಟರ ಬಗ್ಗೆ ಬರೆದಿದ್ದೆ. "ನನ್ನ ಆಪ್ತರೊಬ್ಬರು ಐದು ದಿನಕ್ಕೆಂದು ಕಾರು ಒಯ್ದರು. ಹೋಗುವಾಗ ಹಾಡುತ್ತಿತ್ತು, ಬರುವಾಗ ಕೆಮ್ಮುತ್ತಿತ್ತು." ಹೆಸರು ಹಾಕಿರಲಿಲ್ಲ. (ನಾನು ಸಭ್ಯಸ್ಥೆ!) ಆ ಸಾಲು ನಿಮಗೆ ಎಷ್ಟು ಹಿಡಿಸಿತೆಂದರೆ ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಕೊನೆಗೆ ನನಗೇ ಬಂತು, ಯಾರೋ ಗುಲಾಬಿ ಹೂವಿನ ಚಿತ್ರ ಅಂಟಿಸಿದ್ದರು. ನಾನು ಖುಷಿಪಟ್ಟೆ. ಬರೆಯುವವರಿಗೆ ಇಷ್ಟು ಸಾಕಲ್ಲ.

ಆ ಆಪ್ತರು ನನ್ನ ತಮ್ಮ. ಸಿರುಗುಪ್ಪದಲ್ಲಿದ್ದಾನೆ. ಅವತ್ತಿನಿಂದ ನಮ್ಮ ಮನೆಗೆ ಬಂದಿಲ್ಲ.

ಫೋನ್ ಮಾಡಿದರೆ ಎತ್ತುತ್ತಾನೆ. "ಹೂಂ", "ಆತು", "ಅರಾಮದೀವಿ". ಮೂರು ಮಾತು. ಯುಗಾದಿಗೆ ಬರಲಿಲ್ಲ. ದಸರೆಗೆ ಬರಲಿಲ್ಲ. ನಾನು ನನ್ನಷ್ಟಕ್ಕೆ ಹೇಳಿಕೊಂಡೆ: ತಪ್ಪು ಮಾಡಿದವನಿಗೆ ಮುಖ ತೋರಿಸಲು ನಾಚಿಕೆ.

ಎಷ್ಟು ಆರಾಮಾಗಿ ಹೇಳಿಕೊಂಡೆ ನೋಡಿ.

ಮೇಸ್ತ್ರಿಯ ವಿಷಯಕ್ಕೆ ಬರುತ್ತೇನೆ. ನಾನು ಪಾಠ ಮಾಡುವ ಕಾಲೇಜು ಇರುವುದು ಕುರುಗೋಡಿನಲ್ಲಿ. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. (ಕಾರಿದ್ದೂ ಬಸ್ಸೇಕೆ ಎಂದರೆ, ಬಸ್ಸಿನಲ್ಲಿ ನಿದ್ದೆ ಮಾಡಬಹುದು.) ಕಾರು ಮನೆಯ ಮುಂದೆಯೇ ಇರುತ್ತದೆ. ಸಂತೆಗೆ, ಗುಡಿಗೆ, ಔಷಧದ ಅಂಗಡಿಗೆ, ಹೀಗೆ ಒಂದೊಂದು ಕಿಲೋಮೀಟರಿನ ಓಡಾಟಕ್ಕೆ ಮಾತ್ರ. ಮೇಸ್ತ್ರಿಗೆ ತೋರಿಸಲೆಂದೇ ಅವತ್ತು ಶುಕ್ರವಾರ ಬಸ್ಸು ಬಿಟ್ಟು ಕಾರಿನಲ್ಲಿ ಹೋದೆ.

ಕುರುಗೋಡು ಮುಟ್ಟುವಷ್ಟರಲ್ಲಿ ಸದ್ದು ಮಾಯ! ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಂತುಹೋಗುವ ಹಲ್ಲುನೋವಿನ ಹಾಗೆ.

"ಸುಳ್ಳಲ್ರಿ ಮೇಸ್ತ್ರಿ, ದಿನಾ ಬರತೈತಿ," ಎಂದೆ.

"ಬರತೈತಿ ಬಿಡ್ರಿ. ಈಗ ಬಿಸಿ ಐತಿ, ಅದಕ್ಕ ಸುಮ್ಮನದ. ಕಾರ್ ಇಲ್ಲೇ ಬಿಟ್ಟು ಹೋಗ್ರಿ. ನಾಳೆ ಮುಂಜಾನಿ ನೀವ ಬಂದು ಚಾಲೂ ಮಾಡ್ರಿ. ಮನಿಯಾಗ ಹೆಂಗ ಮಾಡ್ತೀರೋ ಹಂಗ. ಒಂದೀಟೂ ಬದಲ್ ಮಾಡಬ್ಯಾಡ್ರಿ ಮತ್ತ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಮೇಸ್ತ್ರಿ ಚಹಾದ ಲೋಟ ಹಿಡಿದು ಕಾರಿನ ಪಕ್ಕ ನಿಂತರು. ಪರೀಕ್ಷೆ ಹಾಲಿನಲ್ಲಿ ಕೂತ ಹಾಗಾಯಿತು. ಮೂವತ್ತು ವರ್ಷ ಬೇರೆಯವರನ್ನು ಪರೀಕ್ಷೆಗೆ ಕೂರಿಸಿದ್ದೇನೆ, ನಾನು ಕೂತು ಕಾಲವಾಗಿತ್ತು.

ಕೀ ತಿರುಗಿಸಿದೆ. ಎಂಜಿನ್ ಎದ್ದಿತು. ಟಕಟಕ ಶುರು. ನಾನು ಎಂದಿನಂತೆ ಆಕ್ಸಲರೇಟರ್ ಒತ್ತಿದೆ. ಘುಂ... ಘುಂ... ಮೂರನೇ ಘುಂ ಬರುವ ಮುಂಚೆಯೇ ಮೇಸ್ತ್ರಿ ಬಾನೆಟ್ ಮೇಲೆ ರಪ್ಪನೆ ಬಡಿದರು. ಲೋಟದ ಚಹಾ ನೆಲಕ್ಕೆ.

"ಸಾಕ್ರೀ! ಸಾಕ್! ಬಿಡ್ರಿ ಕಾಲು! ಅದಕ್ಕಿನ್ನಾ ಎಣ್ಣಿ ಏರಿಲ್ಲ!"

ಕಾಲು ತೆಗೆದೆ.

"ದಿನಾ ಹಿಂಗ ಮಾಡ್ತೀರಿ?"

"ಹೂಂ. ಮುಂಜಾನೆ ಎರಡು ನಿಮಿಷ. ಬ್ಯಾಟರಿ ಕೂರಬಾರದಲ್ಲ. ಆಮೇಲೆ ಆಫ್ ಮಾಡಿ ಬಸ್ಸಿಗೆ ಹೋಗ್ತೀನಿ."

"ಎರಡು ನಿಮಿಷ ರೇಸ್ ಕೊಟ್ಟು, ಆಫ್ ಮಾಡಿ, ಬಸ್ಸಿಗೆ." ಅವರು ನನ್ನ ಮಾತನ್ನು ಹಾಗೇ ತಿರುಗಿ ಹೇಳಿದರು. ನನ್ನ ಬಾಯಲ್ಲಿ ಜಾಣತನದಂತೆ ಕೇಳಿದ್ದು ಅವರ ಬಾಯಲ್ಲಿ ಬೇರೆಯೇ ಆಗಿತ್ತು. "ಅಲ್ರಿ ಅಕ್ಕಾರ, ಮಲಗಿದ ಮನಷ್ಯಾನ್ನ ಎಬ್ಬಿಸಿ, ಬಾಯಿಗೆ ನೀರೂ ಹಾಕದ ಗುಡ್ಡ ಹತ್ತಸ್ತೀರಿ. ಮತ್ತ ಎರಡು ನಿಮಿಷಕ್ಕ ಹೋಗಿ ಮಲಕ್ಕೋ ಅಂತೀರಿ. ಎಷ್ಟು ವರ್ಷ ಆತು?"

"ಏಳು."

ಮೇಸ್ತ್ರಿ ಒಳಗೆ ಹೋಗಿ ಇನ್ನೊಂದು ಚಹಾ ತಂದುಕೊಂಡರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಿಮ್ಮ ಮನೆ ಮುಂದೆಯೂ ಕಾರಿರಬಹುದು, ನಿಮ್ಮ ಬಲಗಾಲೂ ನನ್ನದರ ಹಾಗೇ ಇರಬಹುದು.

ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಎಲ್ಲ ಕೆಳಗಿನ ಚೇಂಬರಿಗೆ ಇಳಿದು ಕೂತಿರುತ್ತದೆ. ಮೇಲಿನ ಭಾಗಗಳಲ್ಲಿ ಉಳಿಯುವುದು ಬರೀ ತೆಳ್ಳನೆಯ ಜಿಡ್ಡು. ಕೀ ತಿರುಗಿಸಿದಾಗ ಪಂಪು ಆ ಆಯಿಲನ್ನು ಮತ್ತೆ ಮೇಲಕ್ಕೆ ಏರಿಸಬೇಕು. ಅದಕ್ಕೆ ಕೆಲವು ಸೆಕೆಂಡು ಬೇಕು. ಅಷ್ಟರೊಳಗೆ ರೇಸ್ ಕೊಟ್ಟರೆ? ಲೋಹಕ್ಕೆ ಲೋಹ ತಿಕ್ಕುತ್ತದೆ. ಎಂಜಿನ್ ಸವೆಯುವುದು ಓಡುವಾಗಿನದಕ್ಕಿಂತ ಹೆಚ್ಚಾಗಿ ಹೀಗೆ ತಣ್ಣಗಿದ್ದು ಏಳುವಾಗ, ಕೋಲ್ಡ್ ಸ್ಟಾರ್ಟ್ ಆಗುವಾಗ.

"ಆದರೆ ಬಳ್ಳಾರಿಯಲ್ಲಿ ಚಳಿ ಎಲ್ಲಿದೆ ಮೇಸ್ತ್ರಿ? ಕೋಲ್ಡ್ ಸ್ಟಾರ್ಟ್ ಅನ್ನೋದು ಹಿಮ ಬೀಳೋ ಕಡೆ ಅಲ್ವಾ?" ಎಂದು ವಾದಿಸಿದೆ. (ಓದಿದವರ ದೊಡ್ಡ ರೋಗ ಇದು. ತಪ್ಪು ಸಿಕ್ಕಿಬಿದ್ದಾಗ ಭೂಗೋಳ ಹಿಡಿದುಕೊಳ್ಳುತ್ತೇವೆ.)

"ಚಳಿ ಊರಿಗಲ್ರಿ, ಎಂಜಿನ್‌ಗೆ. ಆರೆಂಟು ತಾಸು ನಿಂತ್ರ ಬ್ಯಾಸಗ್ಯಾಗೂ ಅದು ತಣ್ಣಗ. ಅದು ಓಡೋ ಬಿಸಿ ಮುಂದ ನಮ್ಮ ಬಿಸಿಲು ಏನ್ ದೊಡ್ಡದ್ರಿ?"

ಆಮೇಲೆ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದರು. ಒರೆಸಿ, ಮತ್ತೆ ಅದ್ದಿ, ಎತ್ತಿ ನೋಡಿದರು. ಗುರುತಿಗಿಂತ ಮೇಲಿತ್ತು.

ನಾನು ಹೆಮ್ಮೆಯಿಂದ, "ನನ್ನ ಕಾರು ಆಯಿಲ್ ಕುಡಿಯೋದೇ ಇಲ್ಲ. ನೋಡಿ, ಹಾಕಿದ್ದಕ್ಕಿಂತ ಜಾಸ್ತೀನೇ ಇರುತ್ತೆ," ಎಂದೆ.

ಮೇಸ್ತ್ರಿ ಡಿಪ್‌ಸ್ಟಿಕ್ಕನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಪೆಟ್ರೋಲ್ ಬಂಕಿನ ವಾಸನೆ.

"ಏರಿದ್ದು ಎಣ್ಣಿ ಅಲ್ಲ. ಪೆಟ್ರೋಲು."

ತಣ್ಣಗಿರುವ ಎಂಜಿನ್ ಪೆಟ್ರೋಲನ್ನು ಜಾಸ್ತಿ ಎಳೆಯುತ್ತದಂತೆ. ಪೂರ್ತಿ ಸುಡದೆ ಉಳಿದದ್ದು ಸಿಲಿಂಡರಿನ ಗೋಡೆಗಿರುವ ಜಿಡ್ಡನ್ನೂ ತೊಳೆದುಕೊಂಡು ಕೆಳಗಿನ ಆಯಿಲಿಗೆ ಬೀಳುತ್ತದೆ. ದೂರ ಓಡಿಸಿದರೆ ಆ ಬಿಸಿಗೆ ಅದು ಆರಿಹೋಗುತ್ತದೆ. ಎರಡು ನಿಮಿಷಕ್ಕೇ ಆಫ್ ಮಾಡಿದರೆ ಎಲ್ಲಿಗೆ ಹೋಗಬೇಕು? ದಿನಾ ಒಂದಿಷ್ಟು ಸೇರುತ್ತಾ ಸೇರುತ್ತಾ ಆಯಿಲು ಗಂಜಿಯ ತಿಳಿಯ ಹಾಗಾಗುತ್ತದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತೋರಿಸಿದರು. ಒಳಮೈಯಲ್ಲಿ ಮಜ್ಜಿಗೆಯ ಕೆನೆಯಂಥದ್ದೇನೋ ಹಿಡಿದಿತ್ತು. ಅದು ಆರದೆ ಉಳಿದ ನೀರಿನ ಪಸೆ.

"ಯಾವ ಆಯಿಲ್ ಹಾಕಿಸಿದ್ರಿ?"

ಹೇಳಿದೆ. ಅಂಗಡಿಯಲ್ಲಿ ಸಿಗುವುದರಲ್ಲೇ ದಪ್ಪನೆಯದು. ಬಳ್ಳಾರಿ ಬಿಸಿಲಿಗೆ ತೆಳು ಆಯಿಲ್ ನಿಲ್ಲುವುದಿಲ್ಲ, ದಪ್ಪವೇ ಬೇಕು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸತ್ಯ. ನನಗೆ ಅಂಗಡಿಯವ ಹೇಳಿದ, ಅವನಿಗೆ ಯಾರು ಹೇಳಿದರೋ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಏನಿತ್ತು? ಅದರ ಪ್ಲಾಸ್ಟಿಕ್ ಕವರನ್ನೇ ನಾನು ಹರಿದಿರಲಿಲ್ಲ. ಮೇಸ್ತ್ರಿ ಹರಿದರು. ತೆಳುವಾದ, ಬೆಳಗಿನ ತಣ್ಣಗಿನಲ್ಲೂ ಸರಾಗ ಹರಿದು ಬೇಗ ಮೇಲೇರುವ ಆಯಿಲಿನ ನಂಬರು ಅಲ್ಲಿತ್ತು. ಬಿಸಿಯಾದ ಮೇಲೆಯೂ ಬೇಕಾದಷ್ಟು ದಪ್ಪ ಉಳಿಯುವ ಹಾಗೇ ಅದನ್ನು ಮಾಡಿರುತ್ತಾರಂತೆ. ನಾನು ಏಳು ವರ್ಷ ಅಂಗಡಿಯವನನ್ನು ನಂಬಿದೆ, ಕಾರು ಮಾಡಿದವರನ್ನಲ್ಲ.

ಇನ್ನೊಂದು ಉಳಿದಿತ್ತು. ಅದನ್ನು ನಾನೇ ಒಪ್ಪಿಕೊಂಡೆ. ಪ್ರತಿ ಅಮಾವಾಸ್ಯೆಗೆ ಕಾರಿಗೆ ಪೂಜೆ. ತೊಳೆದು, ಹೂವಿಟ್ಟು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಸ್ಟಾರ್ಟ್ ಮಾಡಿ, ಎರಡು ಅಡಿ ಮುಂದೆ ಹೋಗಿ, ಹಣ್ಣು ಚಪ್ಪಟೆಯಾದ ಕೂಡಲೇ ರಿವರ್ಸ್ ಬಂದು ಆಫ್. ತಿಂಗಳಿಗೊಮ್ಮೆ ಎರಡು ಅಡಿಯ ಪ್ರವಾಸ. ನಿಮ್ಮ ಮನೆಯಲ್ಲೂ ಹೀಗೇ ತಾನೆ?

ಮೇಸ್ತ್ರಿ ಮೊದಲ ಸಲ ನಕ್ಕರು. "ಪೂಜಾ ಬಿಡಬ್ಯಾಡ್ರಿ, ಮಾಡ್ರಿ. ಆದ್ರ ನಿಂಬಿಹಣ್ಣ ಹತ್ತಿಸಿದ ಮ್ಯಾಲ ಹಂಗ ಮೋಕಾ ಊರಿನ ತನಕ ಹೋಗಿ, ಒಂದ್ ಚಾ ಕುಡಿದು ಬರ್ರಿ. ದೇವ್ರಿಗೂ ಖುಷಿ, ಎಂಜಿನ್‌ಗೂ ಖುಷಿ."

ಆಯಿಲು, ಫಿಲ್ಟರು ಎರಡೂ ಬದಲಾಯಿಸಿದರು. "ಸವದದ್ದು ಸವೀತು, ಅದನ್ನ ಯಾರೂ ತಿರುಗಿ ತರಂಗಿಲ್ಲ. ಆದ್ರ ಇಳಿಸೋ ಅಷ್ಟೇನೂ ಆಗಿಲ್ಲ. ಇನ್ನ ಮ್ಯಾಲ ಕಾಲು ಹಿಡಿತದಾಗ ಇಡ್ರಿ," ಎಂದರು. (ಈ ಮಾತನ್ನು ಮನುಷ್ಯ ಸಂಬಂಧಗಳಿಗೆ ಹೋಲಿಸಿ ಇಲ್ಲೊಂದು ಪ್ಯಾರಾ ಬರೆಯಬಹುದು. ಕೈ ತುರಿಸುತ್ತಿದೆ. ಬರೆಯುವುದಿಲ್ಲ. ಚಂದದ ಸಾಲಿನ ಆಸೆಗೆ ಬಿದ್ದೇ ಇಷ್ಟೆಲ್ಲ ಆಗಿದ್ದು.)

ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಬಾರದು ಎಂದೂ ಅನ್ನಿಸುತ್ತಿತ್ತು.

"ಮೇಸ್ತ್ರಿ, ಒಬ್ಬರು ಐದು ದಿನ ಈ ಕಾರನ್ನ ದೂರ ಓಡಿಸಿದ್ರು. ಸಿರುಗುಪ್ಪದಿಂದ ರಾಯಚೂರಿಗೆ, ದಿನಾ ಹೋಗಿ ಬಂದು. ಅದರಿಂದ ಹಿಂಗಾಗಿರಬಹುದಾ?"

"ಐದು ದಿನಕ್ಕ ಎಂಜಿನ್ ಸವಿತೈತೇನ್ರಿ? ಏಳು ವರ್ಷದಾಗ ಇದು ಹೊಟ್ಟಿ ತುಂಬ ಉಂಡಿದ್ದಂದ್ರ ಆ ಐದ ದಿನ. ಯಾರ್ರೀ ಅವ್ರು? ಗಾಡಿ ತಿಳಿದವ್ರು ಇರಬೇಕು."

ಬಳ್ಳಾರಿಗೆ ವಾಪಸು ಬರುವಾಗ ಕೊಳಗಲ್ಲಿನ ಹತ್ತಿರ ಕಾರನ್ನು ಪಕ್ಕಕ್ಕೆ ಹಾಕಿ ಸುಮ್ಮನೆ ಕೂತೆ. ಹಿಂದಿನ ಲಾರಿಯವ ಹಾರ್ನ್ ಹೊಡೆದು, ಏನೋ ಬೈದು ಹೋದ.

ಇಲ್ಲಿ ಡೈರಿಯ ವಿಷಯ ಹೇಳಬೇಕು. ಧಾರವಾಡದಲ್ಲಿ ಎಂ.ಎ. ಮಾಡುವಾಗಿನಿಂದ ನಾನು ದಿನಾ ಡೈರಿ ಬರೆಯುತ್ತೇನೆ. ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ಅದು ತನಗೆ ಬೇಕಾದ್ದನ್ನು ಇಟ್ಟುಕೊಂಡು, ಬೇಡವಾದ್ದನ್ನು ಸದ್ದಿಲ್ಲದೆ ಹೊರಗೆ ಹಾಕುತ್ತದೆ. ಕಾಲೇಜಿನಲ್ಲಿ ನಾನು ಹೇಳಿಕೊಡುವುದು ಇತಿಹಾಸ. "ಮೂಲ ದಾಖಲೆ ನೋಡದೆ ಒಂದು ಸಾಲೂ ಬರೆಯಬೇಡಿ" ಎಂದು ಪ್ರತಿ ವರ್ಷ ಹೊಸ ಬ್ಯಾಚಿಗೆ ಗದರುತ್ತೇನೆ. ತಮ್ಮನ ಬಗ್ಗೆ ಬರೆಯುವಾಗ ಡೈರಿ ತೆಗೆದು ನೋಡಿದ್ದೆನೇ?

ಇಲ್ಲ. ಯಾಕೆ? ಚೆನ್ನಾಗಿ ನೆನಪಿತ್ತಲ್ಲ!

ಮನೆಗೆ ಬಂದು ಹೋದ ವರ್ಷದ್ದು ತೆಗೆದೆ. ತಮ್ಮ ಕಾರು ಒಯ್ಯುವುದಕ್ಕೆ ಮೂರು ವಾರ ಮೊದಲಿನ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ: "ಬೆಳಿಗ್ಗೆ ಕಾರು ಟಕಟಕ ಅನ್ನುತ್ತಿದೆ. ತೋರಿಸಬೇಕು." ನಂತರ ಅವನು ತಂದುಕೊಟ್ಟ ದಿನ: "ಕಾರು ಬಂತು. ತೊಳೆಸಿ ತಂದಿದ್ದಾನೆ. ಸದ್ದು ಹಾಗೇ ಇದೆ. ರಾಯಚೂರಿನಲ್ಲಿ ಅವನ ಮಾವನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತಂತೆ."

ಸದ್ದು ಹಾಗೇ ಇದೆ. 'ಹಾಗೇ' ಎಂದು ಬರೆದವಳು ಹತ್ತೇ ದಿನದಲ್ಲಿ 'ಹೋಗುವಾಗ ಹಾಡುತ್ತಿತ್ತು' ಎಂದು ಹೇಗೆ ಬರೆದೆ? ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಬರೆಯುವ ಹೊತ್ತಿಗೆ ಕಾರು ಹಾಡಿದ್ದು ನನ್ನ ಕಿವಿಯಲ್ಲಿ ನಿಜವಾಗಿಯೂ ಕೇಳುತ್ತಿತ್ತು. ನನಗೆ ಭಯ ಹುಟ್ಟಿಸುವುದು ಇದೇ. ಸುಳ್ಳು ಹೇಳುವವರಿಗೆ ತಾವು ಹೇಳುತ್ತಿರುವುದು ಸುಳ್ಳು ಎಂದಾದರೂ ಗೊತ್ತಿರುತ್ತದೆ.

ಮರುದಿನ ಭಾನುವಾರ. ಆರಕ್ಕೇ ಎದ್ದೆ. ಫೋನ್ ಮಾಡಿ ಹೇಳಿಬಿಡಲೇ? ಮೂರು ಮಾತಿನವನಿಗೆ ಫೋನಿನಲ್ಲಿ ಏನು ಹೇಳುವುದು! ಕಾರಿನಲ್ಲೇ ಹೋಗುವುದು ಎಂದು ತೀರ್ಮಾನಿಸಿದೆ.

ಕೀ ತಿರುಗಿಸಿ ಕಾಲನ್ನು ಬ್ರೇಕಿನ ಮೇಲಿಟ್ಟೆ. ಟಕಟಕ ಬಂತು, ಆದರೆ ಮೊದಲಿಗಿಂತ ಬೇಗ ನಿಂತಿತು. ಬೆಲ್ಟ್ ಹಾಕಿದೆ. ಕನ್ನಡಿ ಸರಿಮಾಡಿದೆ. ಮೊಬೈಲ್ ಬ್ಯಾಗಿಗೆ ಹಾಕಿದೆ. ಮೇಸ್ತ್ರಿ ಹೇಳಿದ್ದು ಇಷ್ಟೇ: ಅರ್ಧ ನಿಮಿಷ ಕಾಯಿರಿ, ಹತ್ತು ನಿಮಿಷ ಚಾಲೂ ಇಟ್ಟುಕೊಂಡು ಕೂರಬೇಡಿ, ಅದೂ ಆಯಿಲಿಗೆ ಪೆಟ್ರೋಲು ಇಳಿಸುತ್ತದೆ. ನಿಧಾನಕ್ಕೆ ಹೊರಡಿ, ನಾಲ್ಕೈದು ಕಿಲೋಮೀಟರ್ ಜೋರು ಮಾಡಬೇಡಿ, ಎಂಜಿನ್ ಓಡುತ್ತಲೇ ಬಿಸಿಯಾಗಲಿ. ಬ್ಯಾಟರಿಯ ಚಿಂತೆಯಿದ್ದರೆ ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿ ಬನ್ನಿ. ಕಾರು ಕಡಿಮೆ ಓಡಿದೆ ಎಂದು ಆಯಿಲ್ ಬದಲಾಯಿಸುವುದನ್ನು ಮುಂದಕ್ಕೆ ಹಾಕಬೇಡಿ, ತಿಂಗಳ ಲೆಕ್ಕಕ್ಕಾದರೂ ಮಾಡಿಸಿ. ಔಷಧದ ಅಂಗಡಿಗೆ ನಡೆದು ಹೋಗಿ.

ಅರ್ಧ ನಿಮಿಷ ಎಷ್ಟು ಉದ್ದ ಗೊತ್ತೇ? ಒಮ್ಮೆ ಕೂತು ನೋಡಿ. ಬಲಗಾಲು ಜಿಗಿಯುತ್ತಿತ್ತು. ಒಂದು ಘುಂ ಕೊಟ್ಟುಬಿಟ್ಟರೆ ಏನಾಗುತ್ತದೆ ಎಂದು ಅದು ನನ್ನನ್ನು ಕೇಳುತ್ತಿತ್ತು. ನನ್ನ ಅವಸರವೆಲ್ಲ ಆ ಒಂದು ಪಾದದಲ್ಲಿ ಬಂದು ಕೂತ ಹಾಗೆ. ಉತ್ತರ ಬರುವ ಮುಂಚೆ ತೀರ್ಪು, ನೋಡುವ ಮುಂಚೆ ಸಾಲು. ಕಾರಿಗೆ ಮಾತ್ರ ಹೀಗೆ ಮಾಡಿದ್ದೇನೆಯೇ ನಾನು?

ತೆಕ್ಕಲಕೋಟೆ ದಾಟಿ ಸಿರುಗುಪ್ಪ ಮುಟ್ಟುವಾಗ ಒಂಬತ್ತು. ತಮ್ಮ ರೈಸ್ ಮಿಲ್ಲೊಂದರಲ್ಲಿ ಮೂರು ಲಾರಿಗಳ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಸುಗ್ಗಿಯ ಕಾಲ, ಭಾನುವಾರವೂ ಕೆಲಸ. ಮಿಲ್ಲಿನ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದೆ. ಭತ್ತದ ಧೂಳು. ತಮ್ಮ ನನಗೆ ಬೆನ್ನು ಮಾಡಿ ಲಾರಿಯ ಟೈರು ನೋಡುತ್ತಿದ್ದ.

ನಾನು ಕರೆಯುವ ಮುಂಚೆ ಆ ಕಡೆಯಿಂದ ಬಂದ ಒಬ್ಬ ಡ್ರೈವರು ಬೇಕೆಂದೇ ಎರಡು ಸಲ ಕೆಮ್ಮಿದ. "ಏಮನ್ನಾ, ದಗ್ಗು ತಗ್ಗಿಂದಾ?" ಎಂದು ತೆಲುಗಿನಲ್ಲಿ ಕೇಳಿ ನಕ್ಕ. ಏನಣ್ಣಾ, ಕೆಮ್ಮು ಕಡಿಮೆಯಾಯಿತಾ?

ತಮ್ಮ ತಲೆ ಎತ್ತಲಿಲ್ಲ. ರೂಢಿಯಾಗಿತ್ತು ಎಂದು ಕಾಣುತ್ತದೆ.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕೆಮ್ಮು! ಅದು ನನ್ನ ಸಾಲು. ನೀವು ಮೆಚ್ಚಿದ್ದು, ಗುಲಾಬಿ ಅಂಟಿಸಿದ್ದು. ಹೆಸರು ಹಾಕದೆ ಬರೆದ ಆ ಸಾಲು ವರ್ಷದಿಂದ ಈ ಅಂಗಳದಲ್ಲಿ ಕೆಮ್ಮುತ್ತಿತ್ತು.

ತಿರುಗಿದವನು ನನ್ನನ್ನು ನೋಡಿದ. ಕಾರನ್ನೂ ನೋಡಿದ.

"ಯಾಕ, ಮತ್ತ ಕೈ ಕೊಡ್ತಾ? ಈ ಸಲ ಯಾರು ಒಯ್ದಿದ್ರು?"

"ಯಾರೂ ಒಯ್ದಿಲ್ಲಲೇ. ನಾನ ಕೆಡಿಸೀನಿ."

"ಏನಂದಿ?"

"ಕಾರ್ ನಾನ ಕೆಡಿಸೀನಿ. ಹೋದ ವರ್ಷನೂ ನೀ ಕೆಡಿಸಿದ್ದಲ್ಲ."

ಅವನು ಕೈ ಒರೆಸಿಕೊಂಡ. ನಾನು ಅಪ್ಪಿಕೊಳ್ಳುತ್ತಾನೆ ಎಂದೇನೂ ಎಣಿಸಿರಲಿಲ್ಲ. ಆದರೆ ಇದನ್ನೂ ಎಣಿಸಿರಲಿಲ್ಲ. ಆ ಡ್ರೈವರ್ ಕಡೆ ತಿರುಗಿ, "ಲೇ, ಬಾ ಇಲ್ಲಿ. ಇವರು ನಮ್ಮಕ್ಕ. ಏನೋ ಹೇಳ್ತಾರ, ಕೇಳು," ಎಂದ. ಮತ್ತೆ ನನಗೆ, "ಹೂಂ, ಇನ್ನೊಮ್ಮೆ ಹೇಳು. ಜೋರಾಗಿ ಹೇಳು, ಮಿಲ್ಲಿನ ಸದ್ದಿನಾಗ ಕೇಳಂಗಿಲ್ಲ."

ಹೇಳಿದೆ. ಜೋರಾಗಿ. ಮೂಟೆ ಹೊರುತ್ತಿದ್ದ ಇಬ್ಬರು ನಿಂತು ಕೇಳಿದರು.

ಡ್ರೈವರ್ ಪೆಚ್ಚಾದ. "ಅಯ್ಯೋ, ನೀವೇನ್ರಿ ಅಕ್ಕಾರ ಅಂದ್ರ! ನಾವು ತಮಾಷಿಗೆ ಅಂತಿದ್ವಿ ಬಿಡ್ರಿ. ಅಣ್ಣ ಲಾರಿ ಚಾಲೂ ಮಾಡಿದ್ರ ನಾವು ಹೋಗಿ ಚಾ ಕುಡಿದು ಬರಬೋದು. ಅಷ್ಟೊತ್ತು ಕೈ ಕಟ್ಕೊಂಡು ಕುಂತಿರ್ತಾನ. ಇವ ಹೆಂಗ ಎಂಜಿನ್ ಕೆಡಸ್ತಾನ ಅಂತ ನಂಗ ಆವಾಗ ಡೌಟ್ ಇತ್ತು."

"ಡೌಟ್ ಇತ್ತಂತ. ಮತ್ತ ಕೆಮ್ಮೋದು ಮಾತ್ರ ಬಿಡಲಿಲ್ಲ ಮಗನ," ಎಂದ ತಮ್ಮ. ಮಿಲ್ಲಿನ ಮಾಲೀಕರೂ ಹೊಸ ಲಾರಿ ಬಂದಾಗ "ನಿಮ್ಮಕ್ಕನ ಕಾರಿನಂಗ ಮಾಡಬ್ಯಾಡಪ" ಎಂದು ಕೀ ಕೊಟ್ಟರಂತೆ. ನಗುತ್ತಲೇ ಅಂದರಂತೆ. ಇಪ್ಪತ್ತು ವರ್ಷದಿಂದ ಗಾಡಿಗಳನ್ನೇ ನೋಡಿಕೊಂಡು ಬಂದವನಿಗೆ.

ಲಾರಿಯ ನೆರಳಿನಲ್ಲಿ ಇಬ್ಬರೂ ಕೂತೆವು. ನಾನು ಸಮಜಾಯಿಷಿಗೆ ಇಳಿದೆ. (ಇಳಿಯಬಾರದಿತ್ತು.)

"ರೇಸ್ ಕೊಡೋದು ನಂಗ ಅಪ್ಪನಿಂದ ಬಂದದ್ದೋ. ಅಪ್ಪ ದಿನಾ ಮುಂಜಾನಿ ಲಾರಿಗೆ ಹಂಗ ಕೊಡ್ತಿದ್ದ. ಘುಂ ಘುಂ ಅಂತ. ನಾ ಏಳ್ತಿದ್ದದ್ದ ಆ ಸದ್ದಿಗೆ."

ನಮ್ಮಪ್ಪ ಹತ್ತಿ ಮಿಲ್ಲಿನ ಲಾರಿ ಓಡಿಸುತ್ತಿದ್ದರು. ಲಾರಿ ಮನೆ ಮುಂದೆಯೇ ನಿಲ್ಲುತ್ತಿತ್ತು. ಆ ಸದ್ದು ನನ್ನ ಬಾಲ್ಯದ ಅಲಾರಾಂ.

ತಮ್ಮ ನನ್ನ ಮುಖವನ್ನೇ ನೋಡಿದ. "ಕೊಡ್ತಿದ್ದ, ಖರೆ. ಯಾವಾಗ ಕೊಡ್ತಿದ್ದ?"

"ಮುಂಜಾನಿ. ಚಾಲೂ ಮಾಡಿದ ಕೂಡ್ಲೆ."

"ಚಾಲೂ ಮಾಡಿದ ಕೂಡ್ಲೆ ಅಲ್ಲ. ಚಾಲೂ ಮಾಡಿ, ಬೀಡಿ ಹಚ್ಚಿ, ಆ ಬೀಡಿ ಮುಗಿಯೋ ತನಕ ಸುಮ್ಮನ ಕುಂದರ್ತಿದ್ದ. ನಾ ಗ್ಲಾಸ್ ಒರಸಾಕ ಅಪ್ಪನ ಸಂಗಾಟ ಏಳ್ತಿದ್ನಲ್ಲ, ಬಾಜೂಕ ಕುಂತಿರ್ತಿದ್ದೆ. ಆಮ್ಯಾಲ ಬ್ರೇಕಿಗೆ ಗಾಳಿ ತುಂಬಾಕ ಎರಡು ರೇಸ್. ಅಷ್ಟ. ನೀ ಆ ರೇಸಿಗೆ ಎದ್ದಿ. ಅದಕ್ಕಿಂತ ಮೊದಲಿಂದು ನಿಂಗ ಹೆಂಗ ಗೊತ್ತಾಗಬೇಕು? ನಿದ್ದಿಯಾಗಿದ್ದಿ."

ಅಪ್ಪ ಕಾದಿದ್ದ ಆ ನಿಮಿಷಗಳಲ್ಲಿ ನಾನು ನಿದ್ದೆಯಲ್ಲಿದ್ದೆ. ಕೊನೆಯ ಘುಂ ಘುಂ ಮಾತ್ರ ಕೇಳಿ, ಅದನ್ನೇ ಅಪ್ಪನ ವಿದ್ಯೆ ಎಂದು ಎತ್ತಿಕೊಂಡು ಬಂದೆ. ಏಳು ವರ್ಷ ನಿಷ್ಠೆಯಿಂದ ಪಾಲಿಸಿದೆ. ನೆನಪು ತಪ್ಪು ಹೇಳಿರಲಿಲ್ಲ, ಕೇಳಿಸಿಕೊಂಡಷ್ಟನ್ನೇ ಹೇಳಿತ್ತು. ನಾನು ಅಷ್ಟನ್ನೇ ಪೂರ್ತಿ ಎಂದುಕೊಂಡೆ. ಇನ್ನೂ ಏನೇನನ್ನು ಹೀಗೆ ಅರ್ಧ ಕೇಳಿ ಪೂರ್ತಿ ನಂಬಿದ್ದೇನೋ! ಅವತ್ತಿನಿಂದ ಒಂದೊಂದೇ ನೆನಪನ್ನು ಎತ್ತಿ, ಕೆಳಗೇನಿದೆ ಎಂದು ನೋಡುತ್ತಿದ್ದೇನೆ. ನೆಮ್ಮದಿಯ ಕೆಲಸವಲ್ಲ.

"ಪೇಪರ್‌ನಾಗ ಬರಿತಿಯೇನು ಇದನ್ನ?" ಎಂದ.

"ಬರಿತೀನಿ."

"ಹೆಂಗ? 'ನನ್ನ ಆಪ್ತರೊಬ್ಬರು' ಅಂತನಾ?"

ನಾನು ಹಾಗೇ ಬರೆಯಬೇಕೆಂದು ಅಂದುಕೊಂಡಿದ್ದೆ. ಹೆಸರು ಹಾಕಿದರೆ ಅವನಿಗೆ ಮುಜುಗರವಾಗಬಹುದು ಎಂಬ ಒಳ್ಳೆಯ ಕಾರಣವನ್ನೂ ಇಟ್ಟುಕೊಂಡಿದ್ದೆ.

"ಹೋದ ಸಲ ನಿನ್ನ ಕಾರ್ ನನ್ನ ಕೈಯಾಗ ನೋಡಿದ್ರಲ್ಲ, ಹೆಸರು ಹಾಕದನ ಇಡೀ ಸಿರುಗುಪ್ಪಕ್ಕ ಗೊತ್ತಾತು. ಈ ಸಲ ಹೆಸರ ಹಾಕದಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ, ಹೆಸರ ಹಾಕು. ಪೂರ್ತಿ. ಊರು ಸೈತ." ಏಳುತ್ತಾ ಹೇಳಿದ: "ಮತ್ತ ನಡುವ ಎಲ್ಲೋ ತುರುಕಬ್ಯಾಡ. ನಮ್ಮ ಮಿಲ್ಲಿನವ್ರು ಮೊದಲು ಓದ್ತಾರ, ಕೊನೀ ಓದ್ತಾರ. ನಡುವಿಂದು ಓದಂಗಿಲ್ಲ."

ಮನೆಗೆ ಬರುತ್ತೀಯಾ ಎಂದು ಕೇಳಿದೆ. "ಮೊದಲ ಪೇಪರ್ ಬರಲಿ," ಎಂದ.

ಅದಕ್ಕೇ ಇದನ್ನು ಇಲ್ಲಿ, ಕೊನೆಯಲ್ಲಿ ಬರೆಯುತ್ತಿದ್ದೇನೆ. ಮಿಲ್ಲಿನವರೇ, ನೀವು ಮೇಲಿನದೆಲ್ಲ ಬಿಟ್ಟು ನೇರ ಇಲ್ಲಿಗೇ ಬಂದಿದ್ದರೂ ಚಿಂತೆಯಿಲ್ಲ, ಇಷ್ಟು ಓದಿದರೆ ಸಾಕು.

ನನ್ನ ಕಾರಿನ ಎಂಜಿನ್ ಸವೆಸಿದ್ದು ಸಿರುಗುಪ್ಪದ ವಿರೂಪಾಕ್ಷಪ್ಪ ಅಲ್ಲ, ಅವನ ಅಕ್ಕ.